‘ಒಯ್ದ’ ಎಂದರೆ ‘ಕಂಡೆ’ಯೋ ‘ಬಲ್ಲೆ’ಯೋ? ಪ್ರಾಚೀನ ಗ್ರೀಕಿನ ಒಂದು ಕ್ರಿಯಾಪದದ ಬಗ್ಗೆ

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ಎಂಟು ತಿಂಗಳಿನಿಂದ ಸಂಜೆಯ ಹೊತ್ತು ನನ್ನಷ್ಟಕ್ಕೆ ನಾನೇ ಅಥೆನ್ಸಿನ ಪ್ರಾಚೀನ ಗ್ರೀಕ್ ಕಲಿಯುತ್ತಿದ್ದೇನೆ. ವ್ಯಾಕರಣದ ಮೊದಲ ಸುತ್ತು ಮುಗಿದ ಮೇಲೆ ಪ್ಲೇಟೋನ ‘ಅಪೊಲೊಗಿಯ’ವನ್ನು, ಅಂದರೆ ಕ್ರಿ.ಪೂ. 399ರ ವಿಚಾರಣೆಯಲ್ಲಿ ಸಾಕ್ರಟಿಸ್ ತನ್ನ ಪರವಾಗಿ ಆಡಿದ ಮಾತುಗಳೆಂದು ಪ್ಲೇಟೋ ಬರೆದಿಟ್ಟಿದ್ದನ್ನು, ದಿನಕ್ಕೆ ಐದಾರು ಸಾಲಿನಂತೆ ಓದಿ ಕನ್ನಡದಲ್ಲಿ ಬರೆದಿಡುತ್ತಿದ್ದೇನೆ. ಈಗ ಒಂದು ವಾರದಿಂದ ಒಂದೇ ವಾಕ್ಯದ ಮುಂದೆ ಕುಳಿತಿದ್ದೇನೆ. ಜಾಣನೆಂದು ಹೆಸರಾದ ಒಬ್ಬ ರಾಜಕಾರಣಿಯನ್ನು ಪರೀಕ್ಷಿಸಿ ಹಿಂತಿರುಗುವಾಗ ಸಾಕ್ರಟಿಸ್ ತನ್ನೊಳಗೆ ಅಂದುಕೊಳ್ಳುವ ಮಾತು ಅದು. ಅದರ ಕೊನೆಯ ತುಂಡು ಹೀಗಿದೆ: ‘ಹ ಮೇ ಒಯ್ದ, ಊದೆ ಒಯೊಮಯ್ ಎಯ್ದೆನಯ್.’

‘ಒಯ್ದ’ ಎಂದರೆ ‘ನಾನು ಬಲ್ಲೆ’ ಎಂದು ನಿಘಂಟು ಹೇಳುತ್ತದೆ. ಆದರೆ ಅದೇ ನಿಘಂಟು ಇದನ್ನು ಪರ್ಫೆಕ್ಟ್ ರೂಪವೆಂದು ಗುರುತಿಸಿ, ಮೂಲ ಧಾತುವಿನ ಅರ್ಥ ‘ನೋಡು’ ಎಂದೂ ಸೂಚಿಸುತ್ತದೆ. ಹಾಗಿದ್ದರೆ ಇದು ‘ನೋಡಿದ್ದೇನೆ’ ಎಂದಾಗಬೇಕಲ್ಲವೇ? ಎರಡನೆಯದಾಗಿ, ಏಕವಚನದಲ್ಲಿ ‘ಒಯ್ದ’ ಎಂದಿರುವುದು ಬಹುವಚನಕ್ಕೆ ಬಂದೊಡನೆ ‘ಇಸ್ಮೆನ್’ ಎಂದು ಗುರುತೇ ಸಿಗದಂತೆ ಬದಲಾಗುವುದೇಕೆ? ಮೂರನೆಯದಾಗಿ, ಕನ್ನಡದಲ್ಲಿ ನನ್ನ ಮುಂದೆ ‘ಗೊತ್ತಿಲ್ಲ’, ‘ತಿಳಿದಿಲ್ಲ’, ‘ಅರಿಯೆ’ ಮೂರೂ ಇವೆ. ಯಾವುದನ್ನು ಬಳಸಿದರೆ ಮೂಲಕ್ಕೆ ಹತ್ತಿರವಾಗುತ್ತದೆ? ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಧಾತುಪಾಠ:

ತುಂಗಾತೀರ ಅವರೇ, ನಿಮ್ಮ ಮೊದಲ ಎರಡು ಪ್ರಶ್ನೆಗಳಿಗೆ ಉತ್ತರ ನೀವು ಚಿಕ್ಕಂದಿನಿಂದ ಕೇಳಿರಬಹುದಾದ ಒಂದು ಶ್ಲೋಕದಲ್ಲಿಯೇ ಇದೆ. ಭಗವದ್ಗೀತೆಯ ನಾಲ್ಕನೆಯ ಅಧ್ಯಾಯದ ಐದನೆಯ ಶ್ಲೋಕದ ಉತ್ತರಾರ್ಧವನ್ನು ನೆನಪಿಸಿಕೊಳ್ಳಿ: ‘ತಾನ್ಯಹಂ ವೇದ ಸರ್ವಾಣಿ ನ ತ್ವಂ ವೇತ್ಥ ಪರಂತಪ.’ ಕಳೆದುಹೋದ ಜನ್ಮಗಳ ಬಗ್ಗೆ ಕೃಷ್ಣ ಅರ್ಜುನನಿಗೆ, ಅವೆಲ್ಲವನ್ನೂ ನಾನು ಬಲ್ಲೆ, ನೀನು ಅರಿಯೆ ಎನ್ನುತ್ತಾನೆ. ಇಲ್ಲಿಯ ‘ವೇದ’ ಗ್ರಂಥದ ಹೆಸರಲ್ಲ, ‘ವಿದ್’ ಧಾತುವಿನ ಉತ್ತಮ ಪುರುಷ ಏಕವಚನದ ಕ್ರಿಯಾಪದ. ‘ವೇತ್ಥ’ ಅದರ ಮಧ್ಯಮ ಪುರುಷ. ನಿಮ್ಮ ‘ಒಯ್ದ’ ಈ ‘ವೇದ’ದ ಒಡಹುಟ್ಟು. ಎರಡನ್ನೂ ಅಕ್ಕಪಕ್ಕದಲ್ಲಿ ಇಟ್ಟು ನೋಡಿ:

ನಾನು ಬಲ್ಲೆ: ಒಯ್ದ / ವೇದ
ನೀನು ಬಲ್ಲೆ: ಒಯ್ಸ್ಥ / ವೇತ್ಥ
ಅವನು ಬಲ್ಲ: ಒಯ್ದೆ / ವೇದ
ನಾವು ಬಲ್ಲೆವು: ಇಸ್ಮೆನ್ (ಗ್ರೀಕರ ಆದಿಕವಿ ಹೋಮರನಲ್ಲಿ ಇದ್ಮೆನ್) / ವಿದ್ಮ
ನೀವು ಬಲ್ಲಿರಿ: ಇಸ್ತೆ / ವಿದ
ಅವರು ಬಲ್ಲರು: ಇಸಾಸಿ / ವಿದುಃ

ಗ್ರೀಕ್ ಪದದ ಮೊದಲಿಗಿದ್ದ ವಕಾರ ಅಥೆನ್ಸಿನ ಭಾಷೆಯಲ್ಲಿ ಬಿದ್ದುಹೋಗಿದೆ. ಅದನ್ನು ಮರಳಿ ಇಟ್ಟರೆ ‘ವೊಯ್ದ’, ‘ವಿದ್ಮೆನ್’ ಎಂದಾಗುತ್ತದೆ. ಸಂಸ್ಕೃತ, ಗ್ರೀಕ್ ಎರಡಕ್ಕೂ ತಾಯಿಯಾದ ಮೂಲಭಾಷೆಯ ‘ಎಯ್’, ‘ಒಯ್’ ಎಂಬ ಸಂಧ್ಯಕ್ಷರಗಳು ಸಂಸ್ಕೃತದಲ್ಲಿ ‘ಏ’ ಆದವು, ಗ್ರೀಕಿನಲ್ಲಿ ಬೇರೆಬೇರೆಯಾಗಿಯೇ ಉಳಿದವು. ಆದ್ದರಿಂದ ‘ವೊಯ್ದ’ ಮತ್ತು ‘ವೇದ’ ಅಕ್ಷರಶಃ ಒಂದೇ ಪದ. ಏಕವಚನದಲ್ಲಿ ಸ್ವರಕ್ಕೆ ಗುಣ (ಸ್ವರ ಬಲಗೊಂಡು ‘ಏ’ ಅಥವಾ ‘ಒಯ್’ ಆಗುವುದು), ಬಹುವಚನದಲ್ಲಿ ಹ್ರಸ್ವ ಇಕಾರ ಎಂಬ ನಿಯಮ ಎರಡೂ ಕಡೆ ಇದೆ. ‘ವೇದ’ ಹೇಗೆ ‘ವಿದ್ಮ’ ಆಯಿತೋ ‘ಒಯ್ದ’ ಹಾಗೆಯೇ ‘ಇದ್ಮೆನ್’ ಆಯಿತು. ದಕಾರದ ಮುಂದೆ ತವರ್ಗದ ಅಕ್ಷರ ಬಂದಾಗ ಗ್ರೀಕರು ನಡುವೆ ಸಕಾರ ತರುತ್ತಾರೆ. ಸಂಸ್ಕೃತದ ‘ವೇತ್ಥ’ಕ್ಕೆ ಅವರಲ್ಲಿ ‘ಒಯ್ಸ್ಥ’ ಇರುವುದು ಅದರಿಂದ. ‘ಇಸ್ತೆ’ಯ ಸಕಾರವೂ ಅಲ್ಲಿಯದೇ. ಅಥೆನ್ಸಿನವರು ‘ಇಸ್ತೆ’ಯನ್ನು ಅನುಸರಿಸಿ ‘ಇದ್ಮೆನ್’ ಎಂಬುದನ್ನೂ ‘ಇಸ್ಮೆನ್’ ಮಾಡಿಕೊಂಡರು. ಪ್ರಥಮ ಪುರುಷ ಬಹುವಚನವನ್ನು ಗ್ರೀಕರು ಹೊಸದಾಗಿ ಕಟ್ಟಿಕೊಂಡಿದ್ದಾರೆ, ಅಲ್ಲಿ ಹೋಲಿಕೆ ಹುಡುಕಬೇಡಿ.

ಅರ್ಥದ ವಿಚಾರಕ್ಕೆ ಬರೋಣ. ಪರ್ಫೆಕ್ಟ್ ಎಂಬ ಹೆಸರು ಕೇಳಿದೊಡನೆ ಭೂತಕಾಲವೆಂದು ಭಾವಿಸುವುದು ಆರಂಭದಲ್ಲಿ ಎಲ್ಲರೂ ಮಾಡುವ ತಪ್ಪು. ಪ್ರಾಚೀನ ಗ್ರೀಕಿನ ಪರ್ಫೆಕ್ಟ್ ಮುಖ್ಯವಾಗಿ ಹೇಳುವುದು ಕ್ರಿಯೆ ಮುಗಿದ ಮೇಲೆ ಈಗ ಇರುವ ಸ್ಥಿತಿಯನ್ನು. ಸಾಯುವ ಕ್ರಿಯೆಯ ಪರ್ಫೆಕ್ಟ್ ‘ತೆಥ್ನೇಕೆ’ ಎಂದರೆ ‘ಸತ್ತಿದ್ದಾನೆ’, ಅಂದರೆ ಈಗ ಬದುಕಿಲ್ಲ. ಅದೇ ದಾರಿಯಲ್ಲಿ ‘ಒಯ್ದ’ ಎಂದರೆ ‘ಬಲ್ಲವನಾಗಿದ್ದೇನೆ’. ಈ ಅರ್ಥಬದಲಾವಣೆ ಗ್ರೀಕಿಗಿಂತಲೂ ಹಳೆಯದು, ಏಕೆಂದರೆ ‘ವೇದ’ಕ್ಕೂ ಅದೇ ವರ್ತಮಾನದ ಅರ್ಥವಿದೆ. ಸಾಮಾನ್ಯವಾಗಿ ಲಿಟ್ ಲಕಾರದಲ್ಲಿ, ಅಂದರೆ ಸಂಸ್ಕೃತದ ಪರ್ಫೆಕ್ಟ್ ರೂಪದಲ್ಲಿ, ‘ಚಕಾರ’, ‘ಬಭೂವ’ ಎಂಬಂತೆ ಧಾತುವಿಗೆ ದ್ವಿತ್ವ (ಮೊದಲ ಅಕ್ಷರದ ಮರುಕಳಿಕೆ) ಬರಬೇಕು, ಗ್ರೀಕಿನಲ್ಲಿಯೂ ‘ಲೆಲುಕ’ ಎಂಬಂತೆ ಬರುತ್ತದೆ. ‘ವೇದ’ದಲ್ಲಿಯೂ ‘ಒಯ್ದ’ದಲ್ಲಿಯೂ ಅದು ಇಲ್ಲ. ಎರಡೂ ಒಟ್ಟಿಗೇ ಬಂದ ಆಸ್ತಿ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಗುರುತು ಬೇಡ. ಲಿಟ್ ಪ್ರತ್ಯಯಗಳು ಲಟ್ ಅರ್ಥದಲ್ಲಿ, ಅಂದರೆ ವರ್ತಮಾನದ ಅರ್ಥದಲ್ಲಿ, ಬರುವ ಈ ವೈಚಿತ್ರ್ಯವನ್ನು ಪಾಣಿನಿ ಗಮನಿಸಿ ಪ್ರತ್ಯೇಕ ಸೂತ್ರವನ್ನೇ ಇಟ್ಟಿದ್ದಾನೆ: ‘ವಿದೋ ಲಟೋ ವಾ’ (3.4.83). ಗ್ರೀಕ್ ವ್ಯಾಕರಣದ ಒಂದು ಅಪವಾದಕ್ಕೆ ಅಷ್ಟಾಧ್ಯಾಯಿಯಲ್ಲಿ ಸೂತ್ರ ಸಿಗುವುದನ್ನು ಮೊದಲ ಸಲ ಕಂಡಾಗ ನನಗೆ ಆದ ಸಂತೋಷವನ್ನು ಇಂದಿಗೂ ಮರೆತಿಲ್ಲ.

ಇನ್ನೊಂದು ಮಾತು. ‘ಕಂಡೆ’ ಎಂಬ ಶುದ್ಧ ಭೂತಕಾಲಕ್ಕೆ ಇದೇ ಧಾತುವಿನಿಂದ ‘ಎಯ್ದೊನ್’ ಎಂಬ ಬೇರೆ ರೂಪವಿದೆ. ಸಂಸ್ಕೃತದಲ್ಲಿ ಅದಕ್ಕೆ ಜೊತೆಯಾಗುವ ‘ಅವಿದಮ್’ ಎಂಬುದಕ್ಕೆ ‘ಹುಡುಕಿ ಪಡೆದೆ’ ಎಂಬ ಅರ್ಥ. ‘ನೋಡಿದ್ದೇನೆ’ ಎನ್ನಲು ಗ್ರೀಕರು ಬೇರೆಯೇ ಧಾತುವಿನಿಂದ ‘ಹೆಓರಾಕ’ ಎನ್ನುತ್ತಾರೆ. ‘ಒಯ್ದ’ ಆ ಕೆಲಸಕ್ಕೆ ಒದಗುವುದಿಲ್ಲ.

ರೈನ್‌ತೀರ:

ಇಪ್ಪತ್ತು ವರ್ಷಗಳಿಂದ ಜರ್ಮನಿಯಲ್ಲಿ ಇರುವವನಾಗಿ ಒಂದು ಸಣ್ಣ ಸೇರ್ಪಡೆ. ಜರ್ಮನ್ ಭಾಷೆಯಲ್ಲಿ ‘ನಾನು ಬಲ್ಲೆ’ ಎನ್ನಲು ‘ಇಷ್ ವೈಸ್’, ‘ಅವನು ಬಲ್ಲ’ ಎನ್ನಲು ‘ಎರ್ ವೈಸ್’, ‘ನಾವು ಬಲ್ಲೆವು’ ಎನ್ನಲು ‘ವಿಯರ್ ವಿಸ್ಸೆನ್’. ಬೇರೆ ಕ್ರಿಯಾಪದಗಳಲ್ಲಿ ‘ಅವನು’ ಎಂಬುದಕ್ಕೆ ತಕಾರದ ಪ್ರತ್ಯಯ ಬರಬೇಕು, ಇಲ್ಲಿ ಬರುವುದಿಲ್ಲ. ಏಕವಚನಕ್ಕೂ ಬಹುವಚನಕ್ಕೂ ಸ್ವರ ಬದಲಾಗುತ್ತದೆ. ಭಾಷಾತರಗತಿಯಲ್ಲಿ ಇದನ್ನು ‘ನಿಯಮವಿಲ್ಲದ್ದು, ಬಾಯಿಪಾಠ ಮಾಡಿ’ ಎಂದು ಹೇಳಿಬಿಟ್ಟಿದ್ದರು. ಧಾತುಪಾಠ ಅವರ ಪಟ್ಟಿ ನೋಡಿದ ಮೇಲೆ ಇಷ್ಟು ವರ್ಷ ದಿನಕ್ಕೆ ಹತ್ತು ಸಲ ಆಡುವ ಮಾತು ‘ವೇದ’ ಮತ್ತು ‘ವಿದ್ಮ’ವೇ ಎಂದು ತಿಳಿಯಿತು.

ಪಡುವಣ ಕಡಲು:

ನಾನು ಗ್ರೀಕ್ ಬಲ್ಲವನಲ್ಲ. ಆದರೆ ‘ಕಂಡದ್ದು’ ‘ಬಲ್ಲದ್ದು’ ಆಗುವ ಈ ದಾರಿ ನಮಗೆ ಹೊಸದಲ್ಲ ಎಂದು ತೋರಿದ್ದರಿಂದ ಬರೆಯುತ್ತಿದ್ದೇನೆ. ಕುಂದಾಪುರದ ನಮ್ಮ ಮನೆಗಳಲ್ಲಿ ‘ನೋಡು’ ಎನ್ನುವುದಕ್ಕೆ ‘ಕಾಣ್’ ಎಂದೇ ಹೇಳುತ್ತಾರೆ. ಕನ್ನಡದಲ್ಲಿ ‘ಯಾಕೋ ಕಾಣೆ’, ‘ಏನಾಯಿತೋ ನಾ ಕಾಣೆ’ ಎನ್ನುವಾಗ ‘ಕಾಣೆ’ ಎಂದರೆ ಕಣ್ಣಿಗೆ ಬೀಳಲಿಲ್ಲ ಎಂದಲ್ಲ, ‘ಅರಿಯೆ’ ಎಂದು. ಕಾಣುವ ಕ್ರಿಯೆ ಅರಿವಿನ ಮಾತಾಗುವುದು ನಮ್ಮಲ್ಲಿ ನಿಷೇಧರೂಪದಲ್ಲಿ ಹೀಗೆ ನೆಲೆನಿಂತಿದೆ. ಗ್ರೀಕಿನಲ್ಲಿ ಅದೇ ಬೆಳವಣಿಗೆ ವಿಧಿರೂಪದಲ್ಲಿಯೂ ಆಗಿದೆ ಎಂದು ತಿಳಿಯಬಹುದೇ?

‘ಬಲ್ಲೆ’ ಎಂಬ ಪದದ ನಡತೆಯನ್ನೂ ಗಮನಿಸಬೇಕು. ಬೇರೆ ಕ್ರಿಯಾಪದಗಳಿಗೆ ಇರುವ ಭೂತ, ವರ್ತಮಾನ, ಭವಿಷ್ಯತ್ತಿನ ಪ್ರತ್ಯೇಕ ರೂಪಗಳು ಅದಕ್ಕಿಲ್ಲ. ‘ಬಲ್ಲುತ್ತೇನೆ’ ಎಂದು ಯಾರೂ ಹೇಳುವುದಿಲ್ಲ. ರೂಢಿಯಲ್ಲಿ ಅದಕ್ಕೆ ಎದುರಾಗಿ ನಿಲ್ಲುವ ನಿಷೇಧ ಬೇರೆ ಧಾತುವಿನ ‘ಅರಿಯೆ’. ಇನ್ನೊಂದು ಕ್ರಿಯೆಗೆ ಜೋಡಿಸಿದರೆ ‘ಈಜಬಲ್ಲೆ’, ‘ಹಾಡಬಲ್ಲೆ’ ಎಂದು ಸಾಮರ್ಥ್ಯವನ್ನು ಹೇಳುತ್ತದೆ. ‘ಬಲ್ಲವನೇ ಬಲ್ಲ ಬೆಲ್ಲದ ರುಚಿಯ’ ಎಂಬ ಗಾದೆಯಲ್ಲಿ ಇರುವುದು ಕೇಳಿ ತಿಳಿದದ್ದಲ್ಲ, ನಾಲಗೆಗೆ ಬಂದು ತಿಳಿದದ್ದು. ‘ಒಯ್ದ’ಕ್ಕೆ ಇಂತಹ ಗುಣಗಳಿವೆಯೇ ಎಂದು ತಿಳಿಯುವ ಆಸೆ.

ತುಂಗಾತೀರ:

ಧಾತುಪಾಠ ಅವರೇ, ಗೀತೆಯ ಸಾಲನ್ನು ನೂರು ಸಲ ಕೇಳಿದ್ದರೂ ಅದರಲ್ಲಿ ಇಷ್ಟು ಅಡಗಿದೆ ಎಂದು ಎಣಿಸಿರಲಿಲ್ಲ. ಬರೆಯುವಾಗ ನಾನೂ ಒಂದು ಅನುಕೂಲವನ್ನು ಕಂಡುಕೊಂಡೆ. ಗ್ರೀಕಿನ ಎಪ್ಸಿಲಾನ್ ಮತ್ತು ಏಟ, ಒಮಿಕ್ರಾನ್ ಮತ್ತು ಒಮೇಗ ನಮ್ಮ ಎ–ಏ, ಒ–ಓಗಳಂತೆ ಹ್ರಸ್ವ–ದೀರ್ಘ ಜೋಡಿಗಳು. ಥ, ಫ, ಖ ಎಂಬ ಮಹಾಪ್ರಾಣಗಳೂ ಆ ಕಾಲದ ಅಥೆನ್ಸಿನ ಉಚ್ಚಾರಣೆಗೆ ಸರಿಹೊಂದುತ್ತವೆ. ನನ್ನ ಟಿಪ್ಪಣಿ ಪುಸ್ತಕವನ್ನು ಪೂರ್ತಿ ಕನ್ನಡ ಲಿಪಿಯಲ್ಲಿಯೇ ಬರೆಯುತ್ತಿರುವುದರಿಂದ ಹ್ರಸ್ವ–ದೀರ್ಘದ ತಪ್ಪುಗಳು ಬಹಳ ಕಡಿಮೆಯಾಗಿವೆ. ‘ಒಯ್ದ’ ಎಂಬುದು ಕನ್ನಡದ ‘ಎತ್ತಿಕೊಂಡು ಹೋದ’ ಎಂಬ ಪದದಂತೆಯೇ ಕಾಣುವುದು ಆಕಸ್ಮಿಕವಷ್ಟೇ.

ಈಗ ಒಂದು ಸಂದೇಹ. ಅರಿವಿನ ಬುಡದಲ್ಲಿ ನೋಟವಿರುವುದರಿಂದ ಸಾಕ್ರಟಿಸನ ಮಾತನ್ನು ‘ನಾನು ಕಂಡರಿಯದ್ದನ್ನು ಕಂಡು ಬಲ್ಲೆನೆಂದು ಎಣಿಸುವುದಿಲ್ಲ’ ಎಂದು ಅನುವಾದಿಸಬಹುದೇ? ಮೂಲದ ಬೇರಿಗೆ ಅದು ಹತ್ತಿರವೆನಿಸುತ್ತದೆ.

ಎಲೆಮರೆ:

ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಪದದ ಬೇರು ಬೇರೆ, ಆಡುವವನ ಮನಸ್ಸಿನಲ್ಲಿರುವ ಅರ್ಥ ಬೇರೆ. ‘ಸಾಕ್ಷಿ’ ಎಂಬ ಪದದೊಳಗೆ ಕಣ್ಣು ಎಂಬರ್ಥದ ‘ಅಕ್ಷ’ ಇದೆಯೆಂದು ನಮಗೆ ಗೊತ್ತಿದ್ದರೂ ‘ಮನಸ್ಸಾಕ್ಷಿ’ ಎನ್ನುವಾಗ ಯಾರೂ ಕಣ್ಣನ್ನು ನೆನೆಯುವುದಿಲ್ಲ. ‘ಒಯ್ದ’ವೂ ಹಾಗೆಯೇ. ಹೋಮರನ ಕಾಲಕ್ಕಾಗಲೇ ಅದು ನೋಟವನ್ನು ಬಿಟ್ಟು ಬಹಳ ದೂರ ಬಂದಿತ್ತು. ಎಷ್ಟು ದೂರವೆಂಬುದನ್ನು ಒಂದು ದೃಶ್ಯದಿಂದ ತೋರಿಸುತ್ತೇನೆ.

ಒಡಿಸ್ಸಿಯ ಮೊದಲ ಸರ್ಗದ ಕೊನೆಯಲ್ಲಿ ರಾತ್ರಿಯಾಗುತ್ತದೆ. ಕಥಾನಾಯಕ ಒಡಿಸ್ಸಿಯಸನ ಮಗ ಟೆಲೆಮಾಕಸ್ ತಲೆತುಂಬ ಯೋಚನೆಗಳೊಡನೆ ಮಲಗಲು ಹೊರಟಾಗ ಯೂರಿಕ್ಲಿಯಾ ಎಂಬ ಮುದುಕಿ ಉರಿಯುವ ದೀವಟಿಗೆ ಹಿಡಿದು ಜೊತೆಗೆ ಹೋಗುತ್ತಾಳೆ. ಅವಳು ಹುಡುಗಿಯಾಗಿದ್ದಾಗ ಅವನ ಅಜ್ಜ ಇಪ್ಪತ್ತು ಎತ್ತುಗಳ ಬೆಲೆ ಕೊಟ್ಟು ಕೊಂಡು ತಂದಿದ್ದ ದಾಸಿ. ಅವನು ಹಾಸಿಗೆಯ ಮೇಲೆ ಕುಳಿತು ಮೃದುವಾದ ಅಂಗಿಯನ್ನು ಕಳಚಿ ಅವಳ ಕೈಗೆ ಕೊಡುತ್ತಾನೆ. ಅವಳು ಅದನ್ನು ಮಡಿಸಿ, ನೇವರಿಸಿ, ಮಂಚದ ಪಕ್ಕದ ಗೂಟಕ್ಕೆ ತೂಗುಹಾಕುತ್ತಾಳೆ. ಹೊರಗೆ ಬಂದು ಬೆಳ್ಳಿಯ ಹಿಡಿಯಿಂದ ಬಾಗಿಲನ್ನು ಎಳೆದುಕೊಂಡು, ಬಾರು ಜಗ್ಗಿ ಅಗುಳಿ ಹಾಕುತ್ತಾಳೆ. ಅವಳನ್ನು ಕವಿ ಕರೆಯುವುದು ‘ಕೆದ್ನ ಇದುಯ’ ಎಂದು. ‘ಇದುಯ’ ನಮ್ಮ ‘ಒಯ್ದ’ದ ಸ್ತ್ರೀಲಿಂಗದ ಕೃದಂತ, ಸಂಸ್ಕೃತದ ‘ವಿದುಷೀ’ ಎಂಬುದರ ಜೊತೆಗಾತಿ. ಪದಶಃ ‘ಒಳ್ಳೆಯದನ್ನು ಬಲ್ಲವಳು’ ಎಂದಾಗುತ್ತದೆ. ಆದರೆ ಅವಳು ಬಲ್ಲದ್ದು ಯಾವುದೋ ವಿಷಯವನ್ನಲ್ಲ. ಅವಳ ಇಡೀ ನಡತೆಯೇ ಒಳ್ಳೆಯದು, ನಿಷ್ಠೆಯುಳ್ಳದ್ದು ಎಂದು ಕವಿಯ ಅರ್ಥ. ಅಂಗಿಯನ್ನು ಮಡಿಸಿ ನೇವರಿಸುವ ಕೈಯಲ್ಲಿರುವ ಅರಿವು ಅದು.

ಹೋಮರನಲ್ಲಿ ಈ ಬಳಕೆ ಮತ್ತೆಮತ್ತೆ ಬರುತ್ತದೆ. ಒಂಟಿಕಣ್ಣಿನ ದೈತ್ಯನು ‘ಅಥೆಮಿಸ್ತಿಯ ಏಯ್ದೇ’, ಅಧರ್ಮವನ್ನು ಬಲ್ಲವನಾಗಿದ್ದ, ಅಂದರೆ ಕಟ್ಟಳೆಯಿಲ್ಲದೆ ಬದುಕಿದ್ದ. ಇಲಿಯಡ್‌ನ ಕೊನೆಯ ಸರ್ಗದಲ್ಲಿ ಹೆಕ್ಟರನ ಶವವನ್ನು ಎಳೆದಾಡುವ ಅಖಿಲೀಸನನ್ನು ಕುರಿತು ಅಪೊಲೊ, ಅವನು ಸಿಂಹದಂತೆ ‘ಅಗ್ರಿಯ ಒಯ್ದೆನ್’, ಕ್ರೌರ್ಯವನ್ನೇ ಬಲ್ಲ ಎನ್ನುತ್ತಾನೆ. ಇಲ್ಲೆಲ್ಲ ‘ಕಂಡು’ ಎಂಬುದನ್ನು ಸೇರಿಸಿದರೆ ಅರ್ಥ ಕೆಡುತ್ತದೆ.

ಧಾತುಪಾಠ ಅವರು ಹೇಳಿದ ಬಿದ್ದುಹೋದ ವಕಾರಕ್ಕೂ ಯೂರಿಕ್ಲಿಯಾಳ ವಿಶೇಷಣವೇ ಸಾಕ್ಷಿ. ‘ಕೆದ್ನ’ ಎಂಬುದರ ಕೊನೆಯ ಅಕಾರಕ್ಕೆ ‘ಇದುಯ’ದ ಇಕಾರ ನೇರವಾಗಿ ತಾಗುತ್ತದೆ. ಗ್ರೀಕ್ ಛಂದಸ್ಸಿನಲ್ಲಿ ಇಂತಹ ಕಡೆ ಮೊದಲ ಸ್ವರ ಸಾಮಾನ್ಯವಾಗಿ ಲೋಪವಾಗಬೇಕು, ಆದರೆ ಇಲ್ಲಿ ಆಗುವುದಿಲ್ಲ. ನಡುವೆ ವಕಾರವಿತ್ತು, ‘ಕೆದ್ನ ವಿದುಯ’ ಎಂದು ಹಾಡುತ್ತಿದ್ದರು ಎಂದುಕೊಂಡರೆ ಎಲ್ಲವೂ ಸರಿಹೋಗುತ್ತದೆ. ಹೋಮರನ ಛಂದಸ್ಸಿನೊಳಗೆ ಅಡಗಿದ ಈ ಅಕ್ಷರವನ್ನು 18ನೇ ಶತಮಾನದ ಆರಂಭದಲ್ಲಿ ಗುರುತಿಸಿದವನು ಇಂಗ್ಲೆಂಡಿನ ರಿಚರ್ಡ್ ಬೆಂಟ್ಲಿ. ಬೊಯೋಷಿಯ ಪ್ರಾಂತ್ಯದ ಶಾಸನಗಳಲ್ಲಿ ಆ ಅಕ್ಷರ ಬರಹದಲ್ಲಿಯೇ ಉಳಿದಿದೆ. ಅಲ್ಲಿ ‘ವಿಸ್ತೊರೆಸ್’ ಎಂದರೆ ಸಾಕ್ಷಿಗಳು. ಅಥೆನ್ಸಿನಲ್ಲಿ ಅದೇ ಪದ ‘ಹಿಸ್ತೋರ್’. ಅದರಿಂದ ಹುಟ್ಟಿದ ‘ಹಿಸ್ತೊರಿಯಾ’ ಎಂಬುದಕ್ಕೆ ಇತಿಹಾಸಕಾರ ಹೆರೊಡೊಟಸನ ಕಾಲದಲ್ಲಿ ಇದ್ದ ಅರ್ಥ ವಿಚಾರಣೆ, ಕೇಳಿ ವಿಚಾರಿಸಿ ತಿಳಿಯುವುದು. ಇತಿಹಾಸ ಎಂಬ ಅರ್ಥ ಅವನ ಗ್ರಂಥದ ನಂತರ ಬೆಳೆದದ್ದು.

ಪಡುವಣ ಕಡಲು ಅವರ ಪ್ರಶ್ನೆಗೆ: ನೀವು ‘ಬಲ್ಲೆ’ಯಲ್ಲಿ ತೋರಿಸಿದ ಮುಖ್ಯ ಗುಣ ‘ಒಯ್ದ’ಕ್ಕೂ ಇದೆ. ಇನ್ನೊಂದು ಕ್ರಿಯೆಯ ಭಾವರೂಪ ಜೊತೆಗೆ ಬಂದರೆ ಅದೂ ‘ಮಾಡಬಲ್ಲೆ’ ಎಂಬ ಅರ್ಥ ಕೊಡುತ್ತದೆ. ಆ ಕಾರಣಕ್ಕೆ ನನ್ನ ಮಟ್ಟಿಗೆ ‘ಒಯ್ದ’ಕ್ಕೆ ಕನ್ನಡದ ಅತ್ಯಂತ ಹತ್ತಿರದ ಪದ ‘ಬಲ್ಲೆ’, ‘ಗೊತ್ತು’ ಅಲ್ಲ. ‘ಗೊತ್ತು’ ಎಂದಾಗ ವಿಷಯ ನನಗೆ ಗೊತ್ತಾಗಿರುತ್ತದೆ, ನಾನು ಚತುರ್ಥಿ ವಿಭಕ್ತಿಯಲ್ಲಿ ಬದಿಗೆ ನಿಂತಿರುತ್ತೇನೆ. ‘ಬಲ್ಲೆ’ ಎಂದಾಗ ಮಾತ್ರ ನಾನು ಕರ್ತೃವಾಗಿರುತ್ತೇನೆ.

ಸುವಾರ್ತೆ ಓದುಗ:

ನಾನು ಹೊಸ ಒಡಂಬಡಿಕೆಯನ್ನು ಅದರ ಮೂಲ ಗ್ರೀಕಿನಲ್ಲಿ ಓದುವವನು. ಅದು ಪ್ಲೇಟೋನಿಗಿಂತ ಸುಮಾರು ನಾಲ್ಕೂವರೆ ಶತಮಾನ ಈಚಿನ ಆಡುಮಾತಿಗೆ ಹತ್ತಿರವಾದ ಗ್ರೀಕ್. ಅಲ್ಲಿ ಈ ಪದದ ರೂಪಗಳು ಬಹುಮಟ್ಟಿಗೆ ಸರಳವಾಗಿಬಿಟ್ಟಿವೆ: ಒಯ್ದ, ಒಯ್ದಸ್, ಒಯ್ದೆ, ಒಯ್ದಮೆನ್, ಒಯ್ದತೆ, ಒಯ್ದಸಿ. ಗುಣವಿರುವ ರೂಪವೇ ಎಲ್ಲ ಕಡೆಗೂ ಹರಡಿದೆ. ಲೂಕನ ಸುವಾರ್ತೆಯಲ್ಲಿ ಶಿಲುಬೆಯ ಮೇಲೆ ಯೇಸು, ತಾವೇನು ಮಾಡುತ್ತಿದ್ದೇವೆಂದು ಇವರು ಅರಿಯರು ಎನ್ನುವಲ್ಲಿ ಇರುವುದು ‘ಒಯ್ದಸಿನ್’. ಆದರೆ ಅಪೊಸ್ತಲರ ಕೃತ್ಯಗಳ 26ನೇ ಅಧ್ಯಾಯದಲ್ಲಿ ಪೌಲನು ರಾಜ ಅಗ್ರಿಪ್ಪನ ಎದುರು ನಿಂತು ಮಾತನಾಡುವಾಗ, ಯೆಹೂದ್ಯರೆಲ್ಲರೂ ಇದನ್ನು ಬಲ್ಲರು ಎನ್ನಲು ಹಳೆಯ ‘ಇಸಾಸಿ’ ರೂಪವನ್ನೇ ಬಳಸುತ್ತಾನೆ. ರಾಜಸಭೆಯ ಮಾತಿಗೆ ತಕ್ಕ ಗಾಂಭೀರ್ಯವನ್ನು ಆ ಒಂದು ಪದ ತಂದುಕೊಡುತ್ತದೆ.

ಎಲೆಮರೆ ಅವರು ನೋಟವನ್ನು ಪೂರ್ತಿಯಾಗಿ ಬಿಟ್ಟುಕೊಟ್ಟಿದ್ದನ್ನು ಒಪ್ಪಲು ನನಗೆ ಕಷ್ಟ. ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಹುಟ್ಟುಕುರುಡನೊಬ್ಬನಿಗೆ ಕಣ್ಣು ಬರುತ್ತದೆ. ಅವನನ್ನು ಕರೆಸಿ, ನಿನಗೆ ಕಣ್ಣು ಕೊಟ್ಟವನು ಪಾಪಿಯೆಂದು ನಾವು ಬಲ್ಲೆವು ಎಂದು ವಿಚಾರಿಸುವವರು ಹೇಳುತ್ತಾರೆ. ಅದಕ್ಕೆ ಅವನು, ಅವನು ಪಾಪಿಯೋ ಅಲ್ಲವೋ ನಾನರಿಯೆ, ‘ಹೆನ್ ಒಯ್ದ’, ಒಂದನ್ನು ಬಲ್ಲೆ, ಕುರುಡನಾಗಿದ್ದವನು ಈಗ ಕಾಣುತ್ತೇನೆ ಎಂದು ಉತ್ತರಿಸುತ್ತಾನೆ. ಬಲ್ಲೆವು ಎನ್ನುವವರು ಒಂದು ಕಡೆ, ಕಾಣುವವನು ಒಂದು ಕಡೆ. ‘ಒಯ್ದ’ವನ್ನೂ ಕಣ್ಣನ್ನೂ ಇಲ್ಲಿ ಬೇಕೆಂದೇ ಹತ್ತಿರ ತಂದಂತೆ ನನಗೆ ಓದಿದಾಗಲೆಲ್ಲ ಅನ್ನಿಸುತ್ತದೆ.

ಜೊತೆಗೆ, ‘ಗಿಗ್ನೋಸ್ಕೋ’ ಎಂಬ ಇನ್ನೊಂದು ಕ್ರಿಯಾಪದದ ಬಗ್ಗೆ ಯಾರೂ ಹೇಳಲಿಲ್ಲ. ಅದು ಸಂಸ್ಕೃತದ ‘ಜ್ಞಾ’ ಧಾತು. ‘ಒಯ್ದ’ ಪೂರ್ಣವಾದ ಅರಿವು, ‘ಗಿಗ್ನೋಸ್ಕೋ’ ಅನುಭವದಿಂದ ಬೆಳೆಯುವ ಅರಿವು ಎಂದು ನನಗೆ ಕಲಿಸಲಾಗಿತ್ತು. ಯೋಹಾನನ ಕೊನೆಯ ಅಧ್ಯಾಯದಲ್ಲಿ ಪೇತ್ರನು, ಕರ್ತನೇ, ನೀನು ಎಲ್ಲವನ್ನೂ ಬಲ್ಲೆ ಎನ್ನಲು ‘ಒಯ್ದಸ್’ ಎಂದೂ, ನಾನು ನಿನ್ನನ್ನು ಪ್ರೀತಿಸುವುದನ್ನು ತಿಳಿದಿದ್ದೀ ಎನ್ನಲು ‘ಗಿನೋಸ್ಕೆಯ್ಸ್’ ಎಂದೂ ಒಂದೇ ಉಸಿರಿನಲ್ಲಿ ಎರಡನ್ನೂ ಬಳಸುತ್ತಾನೆ.

ಎಲೆಮರೆ:

ಹುಟ್ಟುಕುರುಡನ ಉದಾಹರಣೆಯ ಮುಂದೆ ನನ್ನ ಮಾತನ್ನು ಸ್ವಲ್ಪ ತಿದ್ದಿಕೊಳ್ಳಬೇಕು. ಪದದ ನಿತ್ಯದ ಅರ್ಥದಲ್ಲಿ ನೋಟವಿಲ್ಲದಿದ್ದರೂ ದೊಡ್ಡ ಬರಹಗಾರರು ಅರಿವನ್ನೂ ನೋಟವನ್ನೂ ಮತ್ತೆ ಎದುರುಬದುರು ನಿಲ್ಲಿಸಿದ್ದಾರೆ. ಅದರ ಪರಮಾವಧಿ ಸೊಫೊಕ್ಲೀಸನ ನಾಟಕ ‘ರಾಜ ಈಡಿಪಸ್’. ಈಡಿಪಸನ ಗ್ರೀಕ್ ಹೆಸರು ‘ಒಯ್ದಿಪೂಸ್’. ಅದಕ್ಕೆ ‘ಊದಿದ ಪಾದದವನು’ ಎಂದರ್ಥ. ಮಗುವಾಗಿದ್ದಾಗ ಅವನ ಪಾದಗಳನ್ನು ಚುಚ್ಚಿ ಬೆಟ್ಟಕ್ಕೆ ಕಳುಹಿಸಿದ್ದರು. ‘ಊದು’ ಎಂಬರ್ಥದ ಧಾತುವಿಗೂ ‘ಒಯ್ದ’ಕ್ಕೂ ಸಂಬಂಧವಿಲ್ಲ, ಆದರೆ ಕಿವಿಗೆ ಎರಡೂ ಒಂದೇ. ಹೆಣ್ಣಿನ ತಲೆ, ಸಿಂಹದ ಮೈಯುಳ್ಳ ಸ್ಫಿಂಕ್ಸಳ ಒಗಟನ್ನು ಬಿಡಿಸಿದ ಹೆಮ್ಮೆಯಲ್ಲಿ ಅವನು ಕುರುಡ ಪ್ರವಾದಿ ಟೈರೀಸಿಯಸನ ಎದುರು, ನಿನ್ನ ಹಕ್ಕಿಶಕುನ ಆಗ ಏನೂ ಮಾಡಲಿಲ್ಲ, ಬಂದು ಬಿಡಿಸಿದವನು ನಾನು, ‘ಹೊ ಮೇದೆನ್ ಎಯ್ದೋಸ್ ಒಯ್ದಿಪೂಸ್’, ಏನನ್ನೂ ಅರಿಯದ ಈಡಿಪಸ್ ಎನ್ನುತ್ತಾನೆ. ತಾನು ಎದುರಾಳಿಯನ್ನು ಚುಚ್ಚಲು ಆಡಿದ ಮಾತು ತನ್ನ ಬಗ್ಗೆಯೇ ಸತ್ಯವೆಂದು ಅವನಿಗೆ ಆಗ ಗೊತ್ತಿಲ್ಲ. ಕಣ್ಣಿದ್ದವನು ಅರಿಯ, ಕಣ್ಣಿಲ್ಲದವನು ಬಲ್ಲ. ಅರಿತ ಗಳಿಗೆಯಲ್ಲಿ ಈಡಿಪಸ್ ತನ್ನ ಕಣ್ಣುಗಳನ್ನೇ ಚುಚ್ಚಿಕೊಳ್ಳುತ್ತಾನೆ. ಅದಕ್ಕೆ ಮೊದಲು ಕೊರಿಂಥದ ದೂತನೊಬ್ಬ ಬಂದು ಅರಮನೆ ಎಲ್ಲಿದೆಯೆಂದು ಕೇಳುವ ಮೂರು ಸಾಲುಗಳು ‘ಹೊಪೂ’, ‘ಒಯ್ದಿಪೂ’, ‘ಹೊಪೂ’ ಎಂದು ಕೊನೆಗೊಳ್ಳುತ್ತವೆ. ‘ಹೊಪೂ’ ಎಂದರೆ ‘ಎಲ್ಲಿ’. ‘ಎಲ್ಲಿಯೆಂದು ಬಲ್ಲೆ’ ಎಂಬ ಧ್ವನಿ ರಾಜನ ಹೆಸರಿನೊಳಗಿನಿಂದಲೇ ಹೊರಡುತ್ತದೆ. ತಾನು ಎಲ್ಲಿಂದ ಬಂದವನೆಂದು, ಯಾರ ಮನೆಯಲ್ಲಿದ್ದೇನೆಂದು ಅರಿಯದವನ ಹೆಸರು ಅದು.

‘ಗಿಗ್ನೋಸ್ಕೋ’ ವಿಷಯದಲ್ಲಿ ಮಾತ್ರ ಎಚ್ಚರಿಕೆ ಬೇಕು. ಅಥೆನ್ಸಿನ ಬರಹಗಾರರಲ್ಲಿ ಭೇದ ನಿಜ: ‘ಗಿಗ್ನೋಸ್ಕೋ’ ಎಂದರೆ ಗುರುತಿಸುವುದು, ತಿಳಿಯುತ್ತಾ ಬರುವುದು, ‘ಒಯ್ದ’ ಎಂದರೆ ತಿಳಿದ ಮೇಲಿನ ಸ್ಥಿತಿ. ಆದರೆ ಪೇತ್ರನ ಮಾತಿನಲ್ಲಿ ಇಷ್ಟು ಸೂಕ್ಷ್ಮವಾದ ತತ್ತ್ವವನ್ನು ಕಟ್ಟುವುದು ನನಗೆ ಸರಿಕಾಣುವುದಿಲ್ಲ. ಅದೇ ಭಾಗದಲ್ಲಿ ಯೋಹಾನನು ಪ್ರೀತಿಗೆ ಎರಡು ಕ್ರಿಯಾಪದ, ಕುರಿಗಳಿಗೆ ಎರಡು ಪದ, ಮೇಯಿಸುವುದಕ್ಕೆ ಎರಡು ಪದ ಬಳಸುತ್ತಾನೆ. ಒಂದೇ ಪದವನ್ನು ಪುನರುಚ್ಚರಿಸದೆ ಬದಲಾಯಿಸುವುದು ಅವನ ಬರವಣಿಗೆಯ ಅಭ್ಯಾಸ.

ಧಾತುಪಾಠ:

ಇನ್ನುಳಿದ ರೂಪಗಳನ್ನು ಬೇಗನೆ ಹೇಳಿ, ಒಂದು ಪ್ರಯೋಗದ ಬಳಿ ಮಾತ್ರ ನಿಲ್ಲುತ್ತೇನೆ. ಭಾವರೂಪ ‘ಎಯ್ದೆನಯ್’, ಭವಿಷ್ಯತ್ತು ‘ಎಯ್ಸೊಮಯ್’, ಪುಲ್ಲಿಂಗದ ಕೃದಂತ ‘ಎಯ್ದೋಸ್’ (ಸಂಸ್ಕೃತದ ‘ವಿದ್ವಾನ್’). ‘ತಿಳಿ’ ಎಂಬ ವಿಧ್ಯರ್ಥ ‘ಇಸ್ಥಿ’. ಇದು ‘ಇರು’ ಎಂಬ ಕ್ರಿಯೆಯ ವಿಧ್ಯರ್ಥದ ರೂಪವೂ ಹೌದಾದ್ದರಿಂದ ಯಾವುದೆಂದು ಸಂದರ್ಭವೇ ಹೇಳಬೇಕು. ‘ಬಲ್ಲವನಾಗಿದ್ದೆ’ ಎಂಬ ಭೂತಕಾಲಕ್ಕೆ ಹಳೆಯ ಅಥೆನ್ಸಿನಲ್ಲಿ ‘ಏಯ್ದೇ’, ಅನಂತರ ‘ಏಯ್ದೆಯ್ನ್’. ಪಟ್ಟಿಯಲ್ಲಿ ಇದನ್ನು ಪ್ಲೂಪರ್ಫೆಕ್ಟ್ ಎಂದು ಬರೆದಿರುತ್ತಾರೆ, ಆದರೆ ಅರ್ಥ ಸಾಮಾನ್ಯ ಭೂತಕಾಲದ್ದು.

‘ಇಂಥದ್ದು ಹೀಗಿದೆಯೆಂದು ಬಲ್ಲೆ’ ಎನ್ನುವಾಗ ಗ್ರೀಕರು ನಮ್ಮ ‘ಎಂದು’ ಎಂಬಂತಹ ‘ಹೊತಿ’ ಪದವನ್ನೂ ಬಳಸುತ್ತಾರೆ, ಕೃದಂತವನ್ನೂ ಬಳಸುತ್ತಾರೆ. ಕೃದಂತದ ಪ್ರಯೋಗಕ್ಕೆ ನಾನು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದ ಉದಾಹರಣೆ ಸಾಕ್ರಟಿಸನ ಶಿಷ್ಯನೂ ಬರಹಗಾರನೂ ಆದ ಕ್ಸೆನೊಫನ್‌ನದು. ಕ್ರಿ.ಪೂ. 362ರಲ್ಲಿ ಮ್ಯಾಂಟಿನಿಯಾ ಯುದ್ಧದಲ್ಲಿ ಅವನ ಮಗ ಗ್ರಿಲ್ಲಸ್ ಸತ್ತ. ಸುದ್ದಿ ಬಂದಾಗ ಕ್ಸೆನೊಫನ್ ತಲೆಗೆ ಹೂಮಾಲೆ ಧರಿಸಿ ಬಲಿ ಅರ್ಪಿಸುತ್ತಿದ್ದನಂತೆ. ಮಾಲೆಯನ್ನು ತೆಗೆದ. ಮಗ ವೀರನಾಗಿ ಸತ್ತನೆಂದು ಕೇಳಿ ಮತ್ತೆ ಧರಿಸಿದ. ಅವನು ಅಳಲೂ ಇಲ್ಲ, ಇಷ್ಟೇ ಹೇಳಿದ ಎಂದು ದಾರ್ಶನಿಕರ ಜೀವನಚರಿತ್ರೆ ಬರೆದ ಡಯಾಜಿನೀಸ್ ಲೇರ್ಷಿಯಸ್ ಬರೆಯುತ್ತಾನೆ: ‘ಏಯ್ದೆಯ್ನ್ ಥ್ನೇತೊನ್ ಗೆಗೆನ್ನೇಕೋಸ್.’ ಮೂರೇ ಪದ. ‘ಬಲ್ಲವನಾಗಿದ್ದೆ, ಮರ್ತ್ಯನನ್ನು ಪಡೆದವನು’ ಎಂಬುದು ಪದಶಃ ಅರ್ಥ. ‘ಎಂದು’ ಇಲ್ಲ, ‘ನಾನು’ ಇಲ್ಲ. ಅರಿತವನೂ ಪಡೆದವನೂ ಒಬ್ಬನೇ ಆದ್ದರಿಂದ ಕೃದಂತ ಪ್ರಥಮಾ ವಿಭಕ್ತಿಯಲ್ಲಿದೆ. ಕನ್ನಡದಲ್ಲಿ ಇದನ್ನು ಮೂರು ಪದಗಳಲ್ಲಿ ತರಲು ಎಷ್ಟೋ ಸಲ ಪ್ರಯತ್ನಿಸಿದ್ದೇನೆ. ‘ಸಾಯುವವನನ್ನೇ ಪಡೆದೆನೆಂದು ಬಲ್ಲವನಾಗಿದ್ದೆ’ ಎಂಬಲ್ಲಿಗೆ ನಿಂತಿದ್ದೇನೆ. ‘ಬಲ್ಲೆ’ಗೆ ಭೂತಕಾಲವಿಲ್ಲದ ಕೊರತೆ ಕಾಡುವುದು ಇಂತಹ ಜಾಗದಲ್ಲಿ.

ಪಡುವಣ ಕಡಲು:

ನಮ್ಮಲ್ಲಿ ‘ದೇವರೇ ಬಲ್ಲ’ ಎನ್ನುತ್ತೇವೆ. ಅಂತಹ ಮಾತು ಗ್ರೀಕಿನಲ್ಲಿ ಇದೆಯೇ?

ಎಲೆಮರೆ:

ಇದೆ, ಮತ್ತು ನಿಮ್ಮಂತೆ ಊರಿನ ಮಾತನ್ನು ಪ್ರೀತಿಸುವವರಿಗೆ ಇಷ್ಟವಾಗುವ ರೀತಿಯಲ್ಲಿಯೇ ಇದೆ. ‘ಇಸ್ತೋ ಜ಼ೆಉಸ್’ ಎಂದರೆ ‘ಜ಼ೆಉಸ್ ದೇವ ಅರಿಯಲಿ’, ಅವನೇ ಸಾಕ್ಷಿ ಎಂದರ್ಥ. ಸಾಕ್ರಟಿಸ್ ವಿಷ ಕುಡಿಯುವ ದಿನದ ಸಂಭಾಷಣೆಯಾದ ‘ಫಾಯ್ದೋನ್’ನಲ್ಲಿ ಥೀಬ್ಸ್ ಊರಿನ ಕೆಬೇಸ್ ಎಂಬ ಗೆಳೆಯ ಮೆಲ್ಲಗೆ ನಕ್ಕು ‘ಇತ್ತೋ ಜ಼ೆಉಸ್’ ಎನ್ನುತ್ತಾನೆ. ಅದು ಬೊಯೋಷಿಯದ ಉಚ್ಚಾರಣೆ. ಅವನು ತನ್ನದೇ ನುಡಿಯಲ್ಲಿ ಹೀಗೆಂದ ಎಂದು ಪ್ಲೇಟೋ ಗುರುತಿಸಿ ಬರೆದಿಟ್ಟಿದ್ದಾನೆ. ಸೆರೆಮನೆಯ ಕೋಣೆಯಲ್ಲಿ ಅಥೆನ್ಸಿನ ನಯವಾದ ಗ್ರೀಕ್ ಆಡುತ್ತಿದ್ದವನ ಬಾಯಿಂದ ಗಳಿಗೆಯ ಮಟ್ಟಿಗೆ ಅಮ್ಮನ ಮಾತು ಹೊರಬಿದ್ದದ್ದು ಇದೇ ಕ್ರಿಯಾಪದದಲ್ಲಿ.

ಇಂದಿನ ಗ್ರೀಕರು ನಿತ್ಯದ ಮಾತಿನಲ್ಲಿ ‘ಒಯ್ದ’ ಬಳಸುವುದಿಲ್ಲ. ‘ಹುಡುಕಿ ಪಡೆ’ ಎಂಬರ್ಥದ ಬೇರೊಂದು ಹಳೆಯ ಧಾತುವಿನಿಂದ ಬಂದ ‘ಕ್ಸೆರೋ’ ಅದರ ಜಾಗದಲ್ಲಿ ಕುಳಿತಿದೆ. ಆದರೆ ‘ದೇವರೇ ಬಲ್ಲ’ ಎನ್ನಲು ‘ಕಿರಿಯೊಸ್ ಇದೆ’ ಎಂಬ ನುಡಿಗಟ್ಟು ಇಂದಿಗೂ ಬಳಕೆಯಲ್ಲಿದೆ. ಆ ‘ಇದೆ’ ಇಂದಿನ ಉಚ್ಚಾರಣೆಯಲ್ಲಿ ಉಳಿದುಕೊಂಡ ನಮ್ಮ ‘ಒಯ್ದೆ’.

ತುಂಗಾತೀರ:

ಎಲ್ಲರ ಮಾತುಗಳನ್ನು ಮುಂದಿಟ್ಟುಕೊಂಡು ಇಂದು ಬೆಳಿಗ್ಗೆ ಆ ವಾಕ್ಯವನ್ನು ಮತ್ತೆ ಬರೆದೆ. ‘ಕಂಡು’ ಎಂಬುದನ್ನು ಬಿಟ್ಟಿದ್ದೇನೆ. ವಿಧಿಗೆ ‘ಬಲ್ಲೆ’, ನಿಷೇಧಕ್ಕೆ ‘ಅರಿಯೆ’ ಎಂದು ಇಟ್ಟುಕೊಂಡಿದ್ದೇನೆ. ‘ಊಕ್ ಎಯ್ದೋಸ್’ ಎಂಬ ನಿಷೇಧದ ಕೃದಂತಕ್ಕೆ ನಮ್ಮ ‘ಅರಿಯದೆ’ ಸಿದ್ಧವಾಗಿಯೇ ಇತ್ತು:

‘ಇವನು ಅರಿಯದೆಯೇ ಏನನ್ನೋ ಬಲ್ಲೆನೆಂದು ಎಣಿಸುತ್ತಾನೆ. ನಾನಾದರೋ ಅರಿಯೆ, ಬಲ್ಲೆನೆಂದು ಎಣಿಸುವುದೂ ಇಲ್ಲ. ಹಾಗಾಗಿ ಇಷ್ಟೇ ಇಷ್ಟರಲ್ಲಿ ನಾನು ಇವನಿಗಿಂತ ಜಾಣನೆಂದು ತೋರುತ್ತದೆ: ಯಾವುದನ್ನು ನಾನು ಅರಿಯೆನೋ ಅದನ್ನು ಬಲ್ಲೆನೆಂದು ಎಣಿಸುವುದಿಲ್ಲ.’

‘ಒಯ್ದ’ ಮತ್ತು ‘ಒಯೊಮಯ್’ ನಡುವಿನ ಶಬ್ದಸಾಮ್ಯ, ಅಂದರೆ ಅರಿಯುವುದೂ ಎಣಿಸುವುದೂ ಕಿವಿಗೆ ಹತ್ತಿರವಾಗಿರುವ ಸೊಗಸು, ಕನ್ನಡದಲ್ಲಿ ಹೋಯಿತು. ಅದಕ್ಕೆ ದಾರಿ ಕಾಣಲಿಲ್ಲ.

ಧಾತುಪಾಠ:

ಚೆನ್ನಾಗಿದೆ. ಒಂದೇ ಒಂದು ಸೂಚನೆ. ಕೊನೆಯ ‘ಎಣಿಸುವುದಿಲ್ಲ’ ಎಂಬಲ್ಲಿ ‘ಎಣಿಸೆ’ ಎಂದು ಇಡಿ. ‘ಅರಿಯೆನೋ’, ‘ಬಲ್ಲೆನೆಂದು’, ‘ಎಣಿಸೆ’ ಮೂರೂ ಕಾಲದ ಗುರುತಿಲ್ಲದ ರೂಪಗಳಾಗಿ ಒಂದೇ ಸಾಲಿನಲ್ಲಿ ನಿಲ್ಲುತ್ತವೆ, ಕಳೆದುಕೊಂಡ ಶಬ್ದಸಾಮ್ಯದಲ್ಲಿ ಸ್ವಲ್ಪ ಎಕಾರದ ರೂಪದಲ್ಲಿ ಮರಳಿ ಬರುತ್ತದೆ.

ತುಂಗಾತೀರ:

‘ಯಾವುದನ್ನು ಅರಿಯೆನೋ ಅದನ್ನು ಬಲ್ಲೆನೆಂದು ಎಣಿಸೆ.’ ಗಟ್ಟಿಯಾಗಿ ಎರಡು ಸಲ ಓದಿಕೊಂಡೆ. ‘ಎಣಿಸೆ’ ಎಂದೇ ತಿದ್ದಿ ಬರೆದಿದ್ದೇನೆ, ಧಾತುಪಾಠ ಅವರೇ. ನಾಳೆ ಸಾಕ್ರಟಿಸ್ ಇನ್ನೊಬ್ಬ ಜಾಣನ ಮನೆಗೆ ಹೋಗುತ್ತಾನೆ, ಅಲ್ಲಿಂದ ಮುಂದುವರಿಸುತ್ತೇನೆ.